ಸಿಂಗಾಪೂರಿನಲ್ಲಿ ನಾಲ್ವರು ಕುಳ್ಳರು!



ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇದು ಸಿಂಗಾಪೂರಿನ ವರ್ಣನೆ ಅಲ್ಲ. ಮುಗಿಲು ಮುಟ್ಟುವ ಕಟ್ಟಡ, ಕನ್ನಡಿಯಂಥ ರಸ್ತೆ, ಬಾಯಿಂದ ನೀರುಗುಳುವ ಸಿಂಹ, ಇವನ್ನೆಲ್ಲ ನೀವು ಬೆಳ್ಳಿತೆರೆಯ ಮೇಲೆ ಬೇಕಾದಷ್ಟು ಸಲ ನೋಡಿದ್ದೀರಿ. ಇದು ಮೂವತ್ತೆಂಟು ವರ್ಷದ ಗೆಳೆತನ ನಾಲ್ಕೇ ದಿನದಲ್ಲಿ ಹರಿದುಹೋಗಲಿದ್ದ ಕಥೆ. ಹರಿದದ್ದು ಯಾಕೆ, ಮತ್ತೆ ಹೊಲಿದದ್ದು ಹೇಗೆ ಅನ್ನೋದನ್ನ ಇದ್ದದ್ದು ಇದ್ದ ಹಾಗೆ ಬರೀತಿದ್ದೀನಿ. ಗೆಳೆಯರ ಜೊತೆ ಫಾರಿನ್ ಟೂರು ಹೊರಡಬೇಕು ಅಂತ ಯೋಚನೆ ಇರೋರು ಓದಿ. ಇಲ್ಲದವರೂ ಓದಿ, ನಿಮ್ಮ ಬಸ್ಸು ಬರೋದು ಹೇಗೂ ಇನ್ನೂ ತಡ!

ಟೆಂಟಿನಲ್ಲಿ ಹಾಕಿದ ಆಣೆ

1986ನೇ ಇಸವಿ. ತಿಪಟೂರು ಕಡೆಯ ನಮ್ಮೂರಿಗೆ ಟೂರಿಂಗ್ ಟಾಕೀಸು ಬಂದಿತ್ತು. ನಮಗೆ ಹನ್ನೆರಡು ವರ್ಷ. ನಾಲ್ಕು ಜನ ಹುಡುಗರು, ನೆಲದ ಟಿಕೆಟ್ಟು. ಮರಳನ್ನು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಟವೆಲ್ಲು ಹಾಸಿಕೊಂಡು ಕೂತರೆ ಅದೇ ನಮ್ಮ ಬಾಲ್ಕನಿ! ಆವತ್ತು ಹಾಕಿದ್ದು 'ಸಿಂಗಾಪೂರಿನಲ್ಲಿ ರಾಜಾ ಕುಳ್ಳ'.

ಈ ಚಿತ್ರದ ಬಗ್ಗೆ ಇಂದಿನ ತಮ್ಮಂದಿರಿಗೆ ಎರಡು ಮಾತು. 1978ರಲ್ಲಿ ಬಂದ ಈ ಚಿತ್ರವೇ ವಿದೇಶಕ್ಕೆ ಹೋಗಿ ಚಿತ್ರೀಕರಿಸಿದ ಮೊಟ್ಟಮೊದಲ ಕನ್ನಡ ಚಿತ್ರ. ನಿರ್ದೇಶನ ಸಿ.ವಿ. ರಾಜೇಂದ್ರನ್, ಸಂಗೀತ ರಾಜನ್-ನಾಗೇಂದ್ರ, ನಾಯಕಿ ಮಂಜುಳಾ. ರಾಜ ನಮ್ಮ ಸಾಹಸಸಿಂಹ ವಿಷ್ಣುವರ್ಧನ್. ಕುಳ್ಳ ಯಾರೆಂದು ಬೇರೆ ಹೇಳಬೇಕೆ? ದ್ವಾರಕೀಶ್! ಹುಣಸೂರಿನಲ್ಲಿ ಹುಟ್ಟಿದ ಆ ಪುಟ್ಟ ಮನುಷ್ಯ, ಕನ್ನಡ ಚಿತ್ರಗಳು ಕಂಠೀರವ ಸ್ಟುಡಿಯೋ, ನಂದಿಬೆಟ್ಟ, ಹೆಚ್ಚೆಂದರೆ ಊಟಿ ಅಂತಿದ್ದ ಕಾಲದಲ್ಲಿ ಇಡೀ ತಂಡವನ್ನು ವಿಮಾನ ಹತ್ತಿಸಿಬಿಟ್ಟ ನಿರ್ಮಾಪಕ. ಎದೆಗಾರಿಕೆ ಅಂದ್ರೆ ಅದು!

ಆ ರಾತ್ರಿ ಸಿನಿಮಾ ಮುಗಿದ ಮೇಲೆ ಟೆಂಟಿನ ಗೂಟ ಮುಟ್ಟಿ ನಾಲ್ವರೂ ಆಣೆ ಹಾಕಿದೆವು. ಒಂದಲ್ಲ ಒಂದು ದಿನ ನಾಲ್ಕೂ ಜನ ಒಟ್ಟಿಗೆ ಸಿಂಗಾಪೂರಿಗೆ ಹೋಗೋದು. ಒಬ್ಬ ಕಡಿಮೆಯಾದರೂ ಹೋಗೋದಿಲ್ಲ.

ಆ ದಿನದಿಂದ ನಮ್ಮಲ್ಲಿ ಎತ್ತರದವನಿಗೆ ರಾಜ, ಗಿಡ್ಡನಿಗೆ ಕುಳ್ಳ ಅಂತ ಹೆಸರು ನಿಂತಿತು. ಮನೆಯವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ. ಕಾಲ ಉರುಳಿತು. ರಾಜ ಕೊಬ್ಬರಿ ಮಂಡಿ ಇಟ್ಟ, ಕಾರು ಕೊಂಡ, ಕೂದಲು ಇವತ್ತಿಗೂ ವಿಷ್ಣು ಸ್ಟೈಲಲ್ಲೇ ಬಾಚ್ತಾನೆ. ಮೂರನೆಯವನು ಹೈಸ್ಕೂಲು ಮೇಷ್ಟ್ರಾದ. ಕುಳ್ಳ ಟೈಲರ್ ಆದ. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಎರಡು ಮೆಷಿನ್ನಿನ ಅಂಗಡಿ, ಗೋಡೆ ಮೇಲೆ ದ್ವಾರಕೀಶ್ ಫೋಟೋ.

2024ರ ಏಪ್ರಿಲ್ 16. ದ್ವಾರಕೀಶ್ ಇನ್ನಿಲ್ಲ ಅಂತ ಸುದ್ದಿ ಬಂತು. ಎಂಬತ್ತೊಂದು ವರ್ಷ ಆಗಿತ್ತು ಅವರಿಗೆ. ಯಾರೂ ಯಾರಿಗೂ ಫೋನ್ ಮಾಡಲಿಲ್ಲ, ಆದರೂ ಸಂಜೆ ಹೊತ್ತಿಗೆ ನಾಲ್ವರೂ ಆ ಟೈಲರ್ ಅಂಗಡಿಯಲ್ಲಿದ್ದೆವು. ಕುಳ್ಳ ಫೋಟೋಗೆ ಕಾಕಡ ಹಾರ ಹಾಕಿದ್ದ. ಮಂಜುಳಾ 1986ರಲ್ಲೇ ಹೋದರು, ವಿಷ್ಣು 2009ರ ಡಿಸೆಂಬರಿನಲ್ಲಿ. ಈಗ ಇವರು. ರಾಜ ಒಂದೇ ಮಾತು ಅಂದ:

"ಅವರೆಲ್ಲ ಹೋದ್ರು. ನಾವ್ ಯಾವಾಗ್ರೋ ಹೋಗೋದು?"

ಸಿಂಗಾಪೂರಿಗೆ ಅಂತ ಆಮೇಲೆ ಸೇರಿಸಿದ ಅನ್ನಿ!

ನಾನು ಬಾಯಿ ಮುಚ್ಚಿಕೊಂಡ ದಿನ

ಆಗಸ್ಟ್ 22ರ ಗುರುವಾರ ರಾತ್ರಿ ವಿಮಾನ, ಸೋಮವಾರ ರಾತ್ರಿ ವಾಪಸು. ವಿಮಾನ, ರೂಮು, ವೀಸಾ ಎಲ್ಲ ಸೇರಿ ತಲೆಗೆ ಅರವತ್ತೆಂಟು ಸಾವಿರ. ಕೈಖರ್ಚಿಗೆ ತಲಾ ಮುನ್ನೂರು ಸಿಂಗಾಪೂರ್ ಡಾಲರು, ಅದನ್ನು ಒಂದೇ ಗಂಟು ಮಾಡಿ ಮೇಷ್ಟ್ರ ಕೈಯಲ್ಲಿಡೋದು ಅಂತ ತೀರ್ಮಾನ. ಆಗ ಒಂದು ಡಾಲರಿಗೆ ಅರವತ್ತನಾಲ್ಕು ರೂಪಾಯಿ ಆಸುಪಾಸು. ಎಲ್ಲ ಸೇರಿ ಒಬ್ಬೊಬ್ಬರಿಗೆ ಎಂಬತ್ತೇಳು ಸಾವಿರ ದಾಟಿತು.

ರಾಜ ಆಗಲೇ ಹೇಳಿದ್ದ, "ಕುಳ್ಳಂದು ನಾನ್ ಹಾಕ್ತೀನಿ." ಕುಳ್ಳ ಒಪ್ಪಲಿಲ್ಲ. "ನಿನ್ನ ದುಡ್ಡಲ್ಲಿ ಕೂತ್ರೆ ನಂಗೆ ಕಿಟಕಿ ಆಚೆ ಏನೂ ಕಾಣಲ್ಲ ಕಣೋ" ಅಂದ. ಮಾತು ಅಲ್ಲಿಗೇ ನಿಂತಿತು.

ಜೂನ್ ತಿಂಗಳಲ್ಲಿ ಒಂದು ದಿನ ನಾನು ಸೊಸೈಟಿಗೆ ಹೋಗಿದ್ದೆ. ಚಿನ್ನದ ಸಾಲದ ಕೌಂಟರಿನ ಮುಂದೆ ಕುಳ್ಳ ನಿಂತಿದ್ದ. ತಕ್ಕಡಿಯಲ್ಲಿ ಅವನ ಹೆಂಡತಿಯ ಎರಡೆಳೆ ಸರ. ನನ್ನ ನೋಡಿದ, ನಾನು ಅವನ ನೋಡಿದೆ. ಹೊರಗೆ ಬಂದು ಟೀ ಕುಡಿಸಿದ.

"ಅವರಿಬ್ಬರಿಗೂ ಹೇಳ್ಬೇಡ. ವರಮಹಾಲಕ್ಷ್ಮಿ, ಗೌರಿ ಹಬ್ಬದ ಹೊಲಿಗೆ ಬರುತ್ತೆ. ಬಿಡಿಸ್ಕೋತೀನಿ."

"ಆಯ್ತು" ಅಂದೆ. ಅಷ್ಟೇ ಅಂದೆ. ಗೌರಿ ಹಬ್ಬ ಸೆಪ್ಟೆಂಬರ್ 6ಕ್ಕೆ, ಅಂದರೆ ನಾವು ಹೊರಡೋ ದಿನ ಅಂಗಡಿಯಲ್ಲಿ ಹೊಲಿಗೆ ರಾಶಿ ಬಿದ್ದಿರುತ್ತೆ, ಆ ಐದು ದಿನದ ಕೂಲಿಯೂ ಹೋಗುತ್ತೆ ಅನ್ನೋ ಲೆಕ್ಕ ನನಗೂ ಗೊತ್ತಿತ್ತು. ಆದರೆ ಟಿಕೆಟ್ಟು ಬುಕ್ ಆಗಿತ್ತು, ಮನಸ್ಸು ಆಗಲೇ ಸಿಂಗಾಪೂರಿನಲ್ಲಿತ್ತು. ಬಾಯಿ ಮುಚ್ಚಿಕೊಂಡೆ. ಮುಂದೆ ಆದ ಎಲ್ಲದಕ್ಕೂ ಮೂಲ ನನ್ನ ಈ 'ಆಯ್ತು' ಅನ್ನೋದನ್ನ ಇವತ್ತಿಗೂ ನಾನು ಮರೆತಿಲ್ಲ.

ಗುಟ್ಕಾ ವಿಸರ್ಜನೆ!

ಬೆಂಗಳೂರು ವಿಮಾನ ನಿಲ್ದಾಣ. ಮೇಷ್ಟ್ರು ಕೈಯಲ್ಲೊಂದು ನೋಟ್‌ಬುಕ್ಕು. ಸಿಂಗಾಪೂರಿನ ಕಾಯ್ದೆ ಕಾನೂನು ಪಾಠ ಶುರು.

"ಚ್ಯೂಯಿಂಗ್ ಗಮ್ಮು 1992ರಿಂದ ತರೋ ಹಾಗಿಲ್ಲ. ಜಗಿಯೋ ತಂಬಾಕು ನಿಷಿದ್ಧ. ಸಿಗರೇಟು ಒಂದೇ ಒಂದು ತಂದ್ರೂ ಸುಂಕ ಕಟ್ಟಬೇಕು, ಹೇಳ್ದೆ ತಂದ್ರೆ ದಂಡ. ರೈಲಲ್ಲಿ ತಿಂದ್ರೆ ಕುಡಿದ್ರೆ ಐನೂರು ಡಾಲರ್ ತನಕ ದಂಡ...."

ರಾಜನ ಮುಖ ಬಿಳಿಚಿಕೊಂಡಿತು. ಒಂದು ಜೇಬಿಂದ ಆರು, ಇನ್ನೊಂದರಿಂದ ಐದು, ಒಟ್ಟು ಹನ್ನೊಂದು ಗುಟ್ಕಾ ಪೊಟ್ಟಣ ಈಚೆಗೆ ಬಂದವು. ಕಸದ ಡಬ್ಬಿ ಮುಂದೆ ನಿಂತು ಒಂದೊಂದನ್ನೇ ಗಣಪತಿ ಬಿಟ್ಟ ಹಾಗೆ ಬಿಟ್ಟ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇಪ್ಪತ್ತು ವರ್ಷ ಬಾಯಲ್ಲಿದ್ದ ಪದಾರ್ಥ ಇದ್ದಕ್ಕಿದ್ದಂತೆ ತಪ್ಪಿದರೆ ಮನುಷ್ಯ ಏನಾಗ್ತಾನೆ ಅಂತ ಆಗ ನಮಗೆ ಹೊಳೆಯಲಿಲ್ಲ.

ಅಂದ ಹಾಗೆ, ನೀವು ಹೊರಟರೆ ನೆನಪಿರಲಿ. ನಮ್ಮವರಿಗೆ ಸಿಂಗಾಪೂರಿಗೆ ವೀಸಾ ಬೇಕೇ ಬೇಕು, ಅಧಿಕೃತ ಏಜೆಂಟರ ಮೂಲಕ ಪಡೀಬಹುದು. ಜೊತೆಗೆ ಹೋಗುವ ಮೂರು ದಿನದೊಳಗೆ 'ಅರೈವಲ್ ಕಾರ್ಡ್' ಅಂತ ಒಂದನ್ನು ಅಲ್ಲಿನ ಸರ್ಕಾರದ ತಾಣದಲ್ಲಿ ತುಂಬಬೇಕು. ಅದು ಬಿಟ್ಟಿ. ಅದಕ್ಕೆ ದುಡ್ಡು ಕೇಳೋರು ಸಿಕ್ಕಿದರೆ ಟೋಪಿ ಹಾಕ್ತಿದ್ದಾರೆ ಅಂತಲೇ ತಿಳೀರಿ. ನಮ್ಮ ಮೇಷ್ಟ್ರ ಥರ ಸರ್ಕಾರಿ ನೌಕರರಾದರೆ ಇಲಾಖೆಯ ಅನುಮತಿ ಮೊದಲು, ಟಿಕೆಟ್ಟು ಆಮೇಲೆ.

ಮುದ್ರೆಯಿಲ್ಲದ ಪಾಸ್‌ಪೋರ್ಟು

ನಾಲ್ಕೂವರೆ ಗಂಟೆ ಹಾರಿ ಬೆಳಗಿನ ಜಾವ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದೆವು. ವಾಚು ಎರಡೂವರೆ ಗಂಟೆ ಮುಂದಕ್ಕೆ. ರಾಜಾ-ಕುಳ್ಳ ಬಂದಾಗ ಈ ಅಂತರ ಎರಡೇ ಗಂಟೆ ಇತ್ತು, 1982ರ ಜನವರಿಯಲ್ಲಿ ಸಿಂಗಾಪೂರು ತನ್ನ ಗಡಿಯಾರವನ್ನೇ ಅರ್ಧ ಗಂಟೆ ಮುಂದಿಟ್ಟುಕೊಂಡಿತು. ಚಾಂಗಿಯೂ ಆಗ ಇರಲಿಲ್ಲ, ಅದು ತೆರೆದದ್ದು 1981ರಲ್ಲಿ. ಅವರ ಕಾಲಕ್ಕೆ ಪಾಯಾ ಲೇಬಾರ್ ಅನ್ನೋ ಹಳೇ ನಿಲ್ದಾಣ. ಇದೆಲ್ಲ ಮೇಷ್ಟ್ರ ನೋಟ್‌ಬುಕ್ಕಿನ ಕೃಪೆ.

ತಪಾಸಣೆ ಮುಗಿಸಿ ಈಚೆ ಬಂದ ಕುಳ್ಳ ಪಾಸ್‌ಪೋರ್ಟಿನ ಹಾಳೆ ತಿರುವಿ ತಿರುವಿ ನೋಡ್ತಿದ್ದ.

"ಮುದ್ರೆನೇ ಒತ್ತಿಲ್ವಲ್ಲೋ!"

ಈಗ ಅಲ್ಲಿ ಮುದ್ರೆ ಒತ್ತೋ ಪದ್ಧತಿ ಇಲ್ಲ, ಎಲ್ಲ ಈ-ಮೇಲಿಗೆ ಬರುತ್ತೆ ಅಂತ ಮೇಷ್ಟ್ರು ವಿವರಿಸಿದ. ಕುಳ್ಳನ ಮುಖ ಚಿಕ್ಕದಾಯಿತು. "ಹೆಂಡ್ತಿಗೆ ಏನ್ ತೋರಿಸ್ಲಿ?" ಅಂದ. ಎಲ್ಲರೂ ನಕ್ಕರು. ನನಗೆ ತಕ್ಕಡಿಯಲ್ಲಿದ್ದ ಸರ ನೆನಪಾಗಿ ನಗು ಬರಲಿಲ್ಲ.

ಬ್ಲೌಸಿನ ಲೆಕ್ಕ

ರಾಜ ಟ್ಯಾಕ್ಸಿ ಕಡೆ ಹೊರಟ. ಮೇಷ್ಟ್ರು ರೈಲಿನ ಕಡೆ. ಟ್ಯಾಕ್ಸಿ ಇಪ್ಪತ್ತೈದು ಡಾಲರು, ರೈಲು ಒಬ್ಬರಿಗೆ ಎರಡು ಡಾಲರು. ಕುಳ್ಳ ನಡುವೆ ನಿಂತು ಲೆಕ್ಕ ಹಾಕಿದ, "ಟ್ಯಾಕ್ಸಿ ಅಂದ್ರೆ ಐದು ಬ್ಲೌಸು."

ನಮ್ಮೂರಲ್ಲಿ ಲೈನಿಂಗ್ ಇಲ್ಲದ ಬ್ಲೌಸಿಗೆ ಹೊಲಿಗೆ ಮುನ್ನೂರು. ಅವನ ನಾಣ್ಯ ಅದೇ! ಕಾಫಿಗೆ ಒಂದೂವರೆ ಡಾಲರು ಅಂದ್ರೆ "ಒಂದು ತೋಳು." ನೀರಿನ ಬಾಟ್ಲಿಗೆ ಎರಡು ಡಾಲರು ಅಂದ್ರೆ "ಕೈಹೊಲಿಗೆ ಕೂಲಿ." ಮೊದಲ ದಿನ ನಾವು ಇದನ್ನು ಕೇಳಿ ಕೇಳಿ ನಕ್ಕಿದ್ದೇ ನಕ್ಕಿದ್ದು. ಎದುರಿಗೆ ದ್ವಾರಕೀಶೇ ಕಾಮಿಡಿ ಮಾಡ್ತಿದ್ದಾರೇನೋ ಅನ್ನೋ ಹಾಗೆ.

ನಮ್ಮ ರೂಮು ಲಿಟ್ಲ್ ಇಂಡಿಯಾದಲ್ಲಿ, ಸೆರಂಗೂನ್ ರಸ್ತೆ ಪಕ್ಕದ ಓಣಿ. ಅಲ್ಲಿ ಕಾಲಿಟ್ಟರೆ ಫಾರಿನ್ ಅಂತ ಅನ್ನಿಸೋದೇ ಇಲ್ಲ. ಮಲ್ಲಿಗೆ ಹೂ, ಊದುಬತ್ತಿ, ಕಾಳಿಯಮ್ಮನ ಗುಡಿ, ಬಾಳೆಲೆ ಊಟ. ಬೋರ್ಡುಗಳಲ್ಲಿ ತಮಿಳು. ಇಂಗ್ಲಿಷು, ಮಲಯ್, ಚೀನೀ ಜೊತೆಗೆ ತಮಿಳೂ ಅಲ್ಲಿ ಅಧಿಕೃತ ಭಾಷೆ. ಕುಳ್ಳನಿಗೆ ಸಿನಿಮಾ ನೋಡಿ ನೋಡಿ ತಮಿಳು ಬರ್ತಿತ್ತು, ನಮ್ಮ ಮೂವರಿಗಿಂತ ಅವನೇ ಆರಾಮಾಗಿ ಓಡಾಡ್ತಿದ್ದ.

ಶನಿವಾರ ಸಂಜೆ 'ಗಾರ್ಡನ್ಸ್ ಬೈ ದ ಬೇ'. ಉಕ್ಕಿನ ಮಹಾ ಮರಗಳಿಗೆ ದೀಪ ಹಾಕಿ, ಸಂಗೀತಕ್ಕೆ ತಕ್ಕಂತೆ ಮಿನುಗಿಸ್ತಾರೆ. ಏಳೂ ಮುಕ್ಕಾಲಿಗೊಂದು, ಎಂಟೂ ಮುಕ್ಕಾಲಿಗೊಂದು ಆಟ. ಪೈಸಾ ಖರ್ಚಿಲ್ಲ! ನಾಲ್ವರೂ ಕಟ್ಟೆ ಮೇಲೆ ಅಂಗಾತ ಮಲಗಿ ನೋಡಿದೆವು, ಟೆಂಟಿನ ಮರಳಲ್ಲಿ ಮಲಗಿ ನೋಡಿದ ಹಾಗೇ. "ಇದಕ್ಕೆ ಎಷ್ಟು ಬ್ಲೌಸು?" ಅಂತ ರಾಜ ಕೇಳಿದ. "ಇದು ಸೆರಗು ಕಣೋ, ಸೀರೆ ಜೊತೆ ಬಿಟ್ಟಿ" ಅಂದ ಕುಳ್ಳ. ಇಡೀ ಟೂರಿನಲ್ಲಿ ಅದಕ್ಕಿಂತ ಸುಖದ ಗಳಿಗೆ ಇನ್ನೊಂದಿರಲಿಲ್ಲ.

ಅದಾಗಿ ಒಂದೂವರೆ ಗಂಟೆಗೆ ಎಲ್ಲ ಕೆಟ್ಟಿತು.

ಬಿಲ್ಲು ಬಂತು, ಸಿಟ್ಟು ಬಂತು

ನದಿ ದಂಡೆಯ ಒಂದು ಹೋಟೆಲಿಗೆ ರಾಜ ಕರ್ಕೊಂಡು ಹೋದ. ಅದು ಬೇಕು ಇದು ಬೇಕು ಅಂತ ಅವನೇ ಆರ್ಡರು ಮಾಡಿದ. ಗುಟ್ಕಾ ಇಲ್ಲದೆ ಎರಡು ದಿನ ಆಗಿತ್ತು. ಕೈ ಬೆರಳು ಮೇಜು ಬಡೀತಾನೇ ಇತ್ತು, ಮಾತು ಮಾತಿಗೂ ಸಿಡುಕು. ಕುಳ್ಳ ಬರೀ ಅನ್ನ, ಒಂದಿಷ್ಟು ಸಾರಿನಂಥದ್ದು ತಿಂದ. "ಹೊಟ್ಟೆ ಸರಿ ಇಲ್ಲ" ಅಂದ. ಮಧ್ಯಾಹ್ನವೂ ಹಾಗೇ ಅಂದಿದ್ದ.

ಬಿಲ್ಲು ಬಂತು. ಇನ್ನೂರ ಹನ್ನೆರಡು ಡಾಲರು! ಮೇಷ್ಟ್ರು ಗಂಟಿನಿಂದ ಎಣಿಸಿ ಕೊಟ್ಟು, ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದ, "ತಲಾ ಐವತ್ತಮೂರು."

ಕುಳ್ಳ ಮೆಲ್ಲಗೆ ಅಂದ, "ಹನ್ನೊಂದು ಬ್ಲೌಸು."

ನಾವು ನಗಲಿಲ್ಲ. ರಾಜ ಚಮಚ ತಟ್ಟೆಗೆ ಎಸೆದ.

"ಲೋ, ಏನೋ ನಿನ್ನ ಗೋಳು! ಎರಡು ದಿನದಿಂದ ನೋಡ್ತಿದೀನಿ, ಒಂದೊಂದು ತುತ್ತಿಗೂ ಸೂತಕದ ಮನೆಯೋನ ಥರ ಮುಖ ಮಾಡ್ಕೋತೀಯ. ಯೋಗ್ಯತೆ ಇಲ್ದಿದ್ರೆ ಬರಬಾರ್ದಿತ್ತು!"

ಯೋಗ್ಯತೆ. ಆ ಪದ ಬಂದಮೇಲೆ ಯಾರಿಗೂ ಮಾತು ಹೊರಡಲಿಲ್ಲ. ಕುಳ್ಳ ಎದ್ದು ನಿಂತ. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. "ಮೇಷ್ಟ್ರೇ, ನನ್ನ ಪಾಲಲ್ಲಿ ಎಷ್ಟು ಉಳಿದಿದೆಯೋ ಅಷ್ಟು ಕೊಟ್ಬಿಡು. ನಾಳೆಯಿಂದ ನಾನ್ ಬೇರೆ ಇರ್ತೀನಿ" ಅಂದ.

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಲ್ವರೂ ಮೂಕರ ಹಾಗೆ ರೈಲಿನಲ್ಲಿ ಕೂತು ರೂಮಿಗೆ ಬಂದೆವು. ಒಂದೇ ರೂಮು, ಒಂದರ ಮೇಲೊಂದು ಮಂಚ. ರಾಜ ಕೆಳಗೆ, ಕುಳ್ಳ ಮೇಲೆ. ಇಬ್ಬರೂ ನಿದ್ದೆ ಮಾಡಲಿಲ್ಲ ಅನ್ನೋದು ಮಂಚದ ಸದ್ದಿನಲ್ಲೇ ಗೊತ್ತಾಗ್ತಿತ್ತು.

ಭಾನುವಾರದ ಹುಡುಕಾಟ

ಭಾನುವಾರ ಸೆಂಟೋಸಾದ 'ಯೂನಿವರ್ಸಲ್ ಸ್ಟುಡಿಯೋಸ್' ಅಂತ ಮೊದಲೇ ತೀರ್ಮಾನ. ಟಿಕೆಟ್ಟು ಎಂಬತ್ತು ಡಾಲರಿಗೂ ಮೇಲೆ. ಕುಳ್ಳ "ನೀವ್ ಹೋಗ್ಬನ್ನಿ" ಅಂತ ಗೋಡೆ ಕಡೆ ತಿರುಗಿ ಮಲಗಿದ. ನಾವು ಮೂವರು ಹೋದೆವು. ಹಾಲಿವುಡ್ಡಿನ ಸೆಟ್ಟು, ಗಿರಗಿರ ತಿರುಗೋ ರೈಲು, ಡೈನೋಸಾರು, ಎಲ್ಲ ಇತ್ತು. ರಾಜ ಎರಡು ಆಟ ಆಡಿ ಒಂದು ಮರದ ಕೆಳಗೆ ಕೂತುಬಿಟ್ಟ. "ಬಾಯಿ ಒಣಗ್ತಿದೆ ಕಣೋ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಹಂಗ್ ಅನ್ಬಾರ್ದಿತ್ತು" ಅಂದ.

ಸಂಜೆ ಆರಕ್ಕೆ ರೂಮಿಗೆ ಬಂದರೆ ಕುಳ್ಳ ಇಲ್ಲ! ಮಂಚದ ಮೇಲೆ ಮಡಿಸಿಟ್ಟ ಹೊದಿಕೆ, ಅದರ ಮೇಲೆ ಅವನ ಫೋನು. ಹೇಗೂ ಅದರಲ್ಲಿ ಅಲ್ಲಿನ ಸಿಮ್ಮು ಇರಲಿಲ್ಲ, ಅದನ್ನೂ ಅವನು ಉಳಿಸಿದ್ದ.

ಭಾನುವಾರ ಸಂಜೆಯ ಲಿಟ್ಲ್ ಇಂಡಿಯಾ ಹೇಗಿರುತ್ತೆ ಗೊತ್ತೆ? ವಾರವಿಡೀ ಕಟ್ಟಡ ಕಟ್ಟೋ, ರಸ್ತೆ ಅಗೆಯೋ, ಹಡಗುಕಟ್ಟೆಯಲ್ಲಿ ದುಡಿಯೋ ತಮಿಳುನಾಡಿನ, ಬಾಂಗ್ಲಾದ ಕೆಲಸಗಾರರಿಗೆ ಅದೊಂದೇ ರಜೆ. ಸಾವಿರಾರು ಜನ. ಊರಿಗೆ ದುಡ್ಡು ಕಳಿಸೋ ಅಂಗಡಿಗಳ ಮುಂದೆ ಸಾಲು, ಹುಲ್ಲಿನ ಮೇಲೆ ಕೂತು ಮನೆಯವರ ಜೊತೆ ವಿಡಿಯೋ ಮಾತು. ಜಾತ್ರೆಯಲ್ಲಿ ಕಳೆದ ಮಗುವನ್ನು ಹುಡುಕಿದ ಹಾಗೆ ಹುಡುಕಿದೆವು. ಗುಡಿ ನೋಡಿದೆವು, ಇಲ್ಲ. ರೈಲು ನಿಲ್ದಾಣ, ಇಲ್ಲ. ಬೆಳಗ್ಗೆ ತಿಂಡಿ ತಿಂದ ಹೋಟೆಲು, ಇಲ್ಲ. ಎಂಟು ಗಂಟೆಯಾಯಿತು. ಮೇಷ್ಟ್ರು 999ಕ್ಕೆ ಫೋನು ಮಾಡಿ ಪೊಲೀಸರಿಗೆ ಹೇಳೋಣವಾ ಅಂತ ಕೇಳಿದ. ಅವನ ದನಿ ನಡುಗ್ತಿತ್ತು.

"ಎಲ್ಲಿ ಹೋದ್ನೋ ಈ ಬಡ್ಡೀಮಗ! ಒಂದು ಮಾತಿಗೆ ಇಷ್ಟೊಂದಾ?" ಅಂತ ರಾಜ ರೇಗಿದ.

ಆಗ ನನ್ನಿಂದ ತಡೆಯಲಾಗಲಿಲ್ಲ. ಆ ಜನರ ನಡುವೆ, ಫುಟ್‌ಪಾತಿನ ಮೇಲೆ ನಿಂತೇ ಹೇಳಿಬಿಟ್ಟೆ. ಸೊಸೈಟಿ ಕೌಂಟರು, ಎರಡೆಳೆ ಸರ, ಗೌರಿ ಹಬ್ಬದ ಹೊಲಿಗೆ, ಎಲ್ಲ. ಮಧ್ಯಾಹ್ನ ಮಧ್ಯಾಹ್ನ ಹೊಟ್ಟೆ ಸರಿ ಇಲ್ಲ ಅಂದದ್ದು ಯಾಕೆ ಅಂತಲೂ ಹೇಳಿದೆ.

ರಾಜ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ,

"ನಿಂಗೊತ್ತಿತ್ತು. ನಾನು ಆ ಮಾತು ಆಡೋವಾಗ್ಲೂ ನಿಂಗೊತ್ತಿತ್ತು" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಕೊರಳಲ್ಲಿ ಟೇಪು

ಕೊನೆಗೆ ಹೊಳೆದದ್ದು ಮೇಷ್ಟ್ರಿಗೆ. "ಲೋ, ಟೈಲರ್ ಆದೋನು ಎಲ್ಲಿಗೆ ಹೋಗ್ತಾನೆ?"

ಲಿಟ್ಲ್ ಇಂಡಿಯಾದ ಬಾಯಲ್ಲೇ ಟೆಕ್ಕಾ ಸೆಂಟರ್ ಅಂತ ದೊಡ್ಡ ಮಾರ್ಕೆಟ್ಟಿದೆ. ಕೆಳಗೆ ತರಕಾರಿ, ಮೀನು, ಊಟದ ಅಂಗಡಿ. ಮೇಲಿನ ಮಹಡಿ ತುಂಬ ಬಟ್ಟೆ ಅಂಗಡಿಗಳು, ಹೊಲಿಗೆಯವರು. ಹತ್ತಿ ಓಡಿದೆವು. ಮುಕ್ಕಾಲುಪಾಲು ಬಾಗಿಲು ಮುಚ್ಚಿತ್ತು. ಒಂದು ಮೂಲೆಯಲ್ಲಿ ಅರ್ಧ ಎಳೆದ ಷಟರಿನ ಕೆಳಗೆ ಬೆಳಕು. ಬಗ್ಗಿ ನೋಡಿದರೆ, ವಯಸ್ಸಾದ ತಮಿಳು ಟೈಲರೊಬ್ಬರು ಮೆಷಿನ್ ತುಳೀತಿದ್ದಾರೆ. ಪಕ್ಕದ ಸ್ಟೂಲಿನ ಮೇಲೆ ನಮ್ಮ ಕುಳ್ಳ, ಕೈಯಲ್ಲಿ ಟೀ ಲೋಟ, ಬಾಯಿ ತುಂಬ ಮಾತು. ಅವರ ಟೇಪು ಇವನ ಕೊರಳಲ್ಲಿ!

ನಮ್ಮನ್ನು ನೋಡಿದವನೇ ಮೊದಲು ಕೇಳಿದ್ದು ಏನು ಗೊತ್ತೆ?

"ಬಂದ್ರಾ? ಊಟ ಆಯ್ತಾ?"

ರಾಜನಿಂದ ಮಾತು ಹೊರಡಲಿಲ್ಲ. ಒಳಗೆ ನುಗ್ಗಿ ಅವನ ಭುಜ ಹಿಡಿದು ನಿಂತ. ಕುಳ್ಳ ನನ್ನ ಮುಖ ನೋಡಿದ. ನಾನು ಹೇಳಿಬಿಟ್ಟಿದ್ದೀನಿ ಅಂತ ಅವನಿಗೆ ಗೊತ್ತಾಯಿತು. ಒಂದು ಕ್ಷಣ ಮುಖ ಗಂಟಿಕ್ಕಿತು. ಆಮೇಲೆ ತಾನೇ ಮಾತು ಬದಲಾಯಿಸಿದ.

"ಇಲ್ಲಿ ಒಂದು ಬ್ಲೌಸಿಗೆ ಇಪ್ಪತ್ತೈದು ಡಾಲರಂತೆ ಕಣ್ರೋ! ಇಲ್ಲಿಂದು ಒಂದು ಅಂದ್ರೆ ಊರಿಂದು ಐದು. ನಾನ್ ಲೆಕ್ಕ ಹಾಕ್ತಿದ್ದದ್ದೇ ತಪ್ಪು!"

ಆ ತಾತನಿಗೆ ಏನು ಅರ್ಥವಾಯಿತೋ, ಅವರೂ ನಕ್ಕರು. ಕೆಳಗಿಳಿದು ನಾಲ್ವರೂ ದೋಸೆ ತಿಂದೆವು. ಕುಳ್ಳ ಎರಡು ದಿನದ ಹಸಿವಿನಲ್ಲಿ ನಾಲ್ಕು ತಿಂದ. ರಾಜ ಬಾಯಿಬಿಟ್ಟು ಕ್ಷಮೆ ಕೇಳಲಿಲ್ಲ. ತನ್ನ ತಟ್ಟೆಯ ಚಟ್ನಿ ಅವನ ತಟ್ಟೆಗೆ ಸುರಿದ. ನಮ್ಮ ಕಡೆ ಅದಕ್ಕಿಂತ ದೊಡ್ಡ ಕ್ಷಮೆ ಇಲ್ಲ.

ರಾತ್ರಿ ಕುಳ್ಳನೇ ಹೇಳಿದ. "ನೀನ್ ಅಂದಿದ್ದಕ್ಕೆ ಬೇಜಾರಿಲ್ಲ. ಹೇಳೋಕೆ ನಾಚಿಕೆ ಪಟ್ಟೆನಲ್ಲ, ಅದಕ್ಕೆ ಬೇಜಾರು. ಟೆಂಟಲ್ಲಿ ಹತ್ತು ಪೈಸೆ ಕಡಿಮೆ ಆದ್ರೆ ಕೇಳ್ತಿದ್ದೆ. ಈಗ ಕೇಳೋಕೆ ಆಗ್ಲಿಲ್ಲ."

ಕಡಲೆಲ್ಲಿ, ಬೀದಿಯೆಲ್ಲಿ?

ಕೊನೆಯ ದಿನ ಸೋಮವಾರ. ರಾಜನೇ ಆಜ್ಞೆ ಹೊರಡಿಸಿದ, ಟ್ಯಾಕ್ಸಿ ಇಲ್ಲ, ಹೋಟೆಲಿಲ್ಲ. ಅಲ್ಲಿ ನಲ್ಲಿ ನೀರು ಧೈರ್ಯವಾಗಿ ಕುಡೀಬಹುದು, ಬಾಟ್ಲಿಗೆ ತುಂಬಿಕೊಂಡೆವು. 'ಹಾಕರ್ ಸೆಂಟರ್' ಅಂತ ಸರ್ಕಾರವೇ ನಡೆಸೋ ಊಟದ ಸಂತೆಗಳಿವೆ, ಯುನೆಸ್ಕೋ ಕೂಡ 2020ರಲ್ಲಿ ಇವನ್ನು ಪರಂಪರೆಯ ಪಟ್ಟಿಗೆ ಸೇರಿಸಿದೆ. ಐದು ಡಾಲರಿಗೆ ಹೊಟ್ಟೆ ತುಂಬುತ್ತೆ. ಮೊದಲ ದಿನವೇ ಇಲ್ಲಿಗೆ ಬಂದಿದ್ದರೆ ಈ ಲೇಖನವೇ ಇರ್ತಿರಲಿಲ್ಲ!

ರಾಜಾ-ಕುಳ್ಳ ಓಡಾಡಿದ ಜಾಗ ಹುಡುಕೋದು ನಮ್ಮ ಮೂಲ ಉದ್ದೇಶ. ಸಿಕ್ಕಿತೆ? ಇಲ್ಲ ಮಿತ್ರರೇ. 1978ರ ಸಿಂಗಾಪೂರು ಎಲ್ಲಿದೆ? 'ಬೀಚ್ ರೋಡ್' ಅಂತ ಹೆಸರಿದೆ, ಅಲ್ಲಿ ಬೀಚೇ ಇಲ್ಲ. ಕಡಲಿಗೆ ಮಣ್ಣು ತುಂಬಿ ತುಂಬಿ ದಡವನ್ನೇ ದೂರ ತಳ್ಳಿದ್ದಾರೆ. ಈಗ ಮರೀನಾ ಬೇ ಸುತ್ತ ಮುಗಿಲೆತ್ತರ ನಿಂತಿರೋ ಹೋಟೆಲು, ತೋಟ, ಎಲ್ಲ ಒಂದು ಕಾಲಕ್ಕೆ ನೀರು. ನಾವು ಓಡಾಡಿದ ರೈಲು ಕೂಡ ಶುರುವಾದದ್ದು 1987ರಲ್ಲಿ.

ಕೊನೆಗೆ ಉಳಿದದ್ದು ಸಿಂಹ. ಮೀನಿನ ದೇಹ, ಸಿಂಹದ ತಲೆಯ 'ಮರ್ಲಯನ್'. 1972ರಲ್ಲಿ ನಿಲ್ಲಿಸಿದ್ದು, ಎಂಟೂವರೆ ಮೀಟರಿಗೂ ಎತ್ತರ, ಎಪ್ಪತ್ತು ಟನ್ ತೂಕ. ಇದಾದರೂ ಇದ್ದ ಜಾಗದಲ್ಲಿದೆಯಲ್ಲ ಅಂತ ಸಮಾಧಾನ ಪಟ್ಟರೆ, ಮೇಷ್ಟ್ರು ನೋಟ್‌ಬುಕ್ಕು ತೆಗೆದ. "ಇಲ್ಲ. ಮುಂದೆ ಸೇತುವೆ ಬಂದು ಕಾಣದ ಹಾಗಾಯ್ತು ಅಂತ 2002ರಲ್ಲಿ ನೂರಿಪ್ಪತ್ತು ಮೀಟರು ಸರಿಸಿದ್ದಾರೆ."

ಎಪ್ಪತ್ತು ಟನ್ನಿನ ಸಿಂಹವೇ ಜರುಗಿದೆ! ಕುಳ್ಳ ಅದರ ಮುಂದೆ ದ್ವಾರಕೀಶ್ ಫೋಟೋ ಹಿಡಿದು ನಿಂತ. ಊರಿಂದ ಕತ್ತರಿಸಿ ತಂದಿದ್ದ ಹಳೇ ಸಿನಿಮಾ ಪತ್ರಿಕೆಯ ಚಿತ್ರ ಅದು. ಪಕ್ಕದಲ್ಲಿ ರಾಜ. ನಾನು ಕ್ಲಿಕ್ಕಿಸಿದೆ. ಕೈ ಸ್ವಲ್ಪ ಅಲುಗಿತು, ಚಿತ್ರವೂ ಅಲುಗಿದೆ. ಆದರೂ ಅದೇ ನಮ್ಮೆಲ್ಲರ ಮನೆಯ ಗೋಡೆ ಮೇಲಿದೆ.

ಊರಿಗೆ ಬಂದ ಮೇಲೆ

ಊರಿಗೆ ಬಂದ ಮೂರನೇ ದಿನ ರಾಜ ಗುಟ್ಟಾಗಿ ಸೊಸೈಟಿಗೆ ಹೋಗಿ ಸರ ಬಿಡಿಸೋಕೆ ನೋಡಿದನಂತೆ. ಅಡ ಇಟ್ಟವರೇ ಬರಬೇಕು ಅಂತ ಅವರು ವಾಪಸು ಕಳಿಸಿದರು. ವಿಷಯ ಕುಳ್ಳನ ಕಿವಿಗೆ ಬಿತ್ತು. ಅಂಗಡಿ ಮುಂದೆ ನಿಲ್ಲಿಸಿಕೊಂಡು ಬೈದ. "ಅದು ನನ್ನ ಹೆಂಡ್ತಿ ಸರ, ನಿನ್ನ ಕೊಬ್ಬರಿ ಮೂಟೆ ಅಲ್ಲ!"

ಆ ವರ್ಷ ಗೌರಿ ಹಬ್ಬಕ್ಕೆ ಆ ತಾಯಿ ಕರಿಮಣಿಯಲ್ಲೇ ಪೂಜೆ ಮಾಡಿದರು. ನಾವು ಮೂವರೂ ಬಾಗಿನದ ಊಟಕ್ಕೆ ಹೋಗಿದ್ದೆವು. ನನಗೆ ತುತ್ತು ಇಳಿಯಲಿಲ್ಲ.

ನವೆಂಬರಿನಲ್ಲಿ ರಾಜನ ಮಗಳ ಮದುವೆ. ಬ್ಲೌಸು, ಷರಟು, ಮಕ್ಕಳ ಲಂಗ ಎಲ್ಲ ಸೇರಿ ದೊಡ್ಡ ಆರ್ಡರು ಕುಳ್ಳನಿಗೇ ಬಂತು. ಕುಳ್ಳ ರೇಟು ಹೇಳಿದ. ಆಗ ರಾಜ ಏ‌ನು ಮಾಡಿದ ಗೊತ್ತೆ? ಅರ್ಧ ಗಂಟೆ ಚೌಕಾಸಿ ಮಾಡಿದ! "ಬೇರೆ ಟೈಲರ್ ಇನ್ನೂರೈವತ್ತಕ್ಕೆ ಹೊಲೀತಾನೆ" ಅಂತ ಜಗಳ ಆಡಿದ. ಕುಳ್ಳ "ಅಲ್ಲಿಗೇ ಹೋಗು" ಅಂತ ಕತ್ತರಿ ತೋರಿಸಿದ. ಮೂಲೆಯಲ್ಲಿ ಕೂತಿದ್ದ ನನಗೆ ಆಗ ಗೊತ್ತಾಯಿತು, ಇವರಿಬ್ಬರೂ ಸರಿಹೋದರು ಅಂತ. ಸಂಕ್ರಾಂತಿಗೆ ಎಳ್ಳು ಬೀರೋಕೆ ಬಂದ ಕುಳ್ಳನ ಹೆಂಡತಿ ಕೊರಳಲ್ಲಿ ಎರಡೆಳೆ ಸರ ಇತ್ತು.

ತಮ್ಮಂದಿರಿಗೆ ನಾಲ್ಕು ಮಾತು

ಗೆಳೆಯರ ಜೊತೆ ಪರದೇಶಕ್ಕೆ ಹೊರಟಿದ್ದೀರಾ? ಪಾಸ್‌ಪೋರ್ಟಿಗಿಂತ ಮೊದಲು ದುಡ್ಡಿನ ಮಾತಾಡಿ. ಯಾರ ಕೈಯಲ್ಲಿ ಎಷ್ಟಿದೆ, ಎಲ್ಲಿಂದ ಬಂತು ಅಂತ ನಾಚಿಕೆ ಬಿಟ್ಟು ಕೇಳಿ, ನಾಚಿಕೆ ಬಿಟ್ಟು ಹೇಳಿ. ಕಡಿಮೆ ಇರೋನ ಜೇಬಿಗೆ ತಕ್ಕ ಹಾಗೆ ಟೂರು ಕಟ್ಟಿ, ಹೆಚ್ಚಿರೋನು ತನ್ನ ಹೆಚ್ಚಿನ ಆಸೆಗೆ ತಾನೇ ದುಡ್ಡು ಕೊಡಲಿ. ತಿಂದವರು ತಿಂದಷ್ಟಕ್ಕೆ ಕೊಡಲಿ, ಎಲ್ಲವನ್ನೂ ನಾಲ್ಕರಿಂದ ಭಾಗಿಸಬೇಡಿ. ಒಬ್ಬೊಬ್ಬರಿಗೂ ಅಲ್ಲಿನ ಸಿಮ್ಮು ಇರಲಿ. ದಿನಕ್ಕೆರಡು ಗಂಟೆ ಅವರವರ ಪಾಡಿಗೆ ಬಿಡಿ. ಇನ್ನು ಗೆಳೆಯ ಯಾವುದೋ ಗುಟ್ಟು ಹೇಳಿ ಬಾಯಿ ಕಟ್ಟಿಸಿದರೆ, ಅದು ಅವನಿಗೇ ಮುಳ್ಳಾಗೋದಾದರೆ, ಆಣೆ ಮುರಿದರೂ ಸರಿ, ಸಮಯಕ್ಕೆ ಬಾಯಿ ಬಿಡಿ. ಇದು ನನ್ನ ತಪ್ಪಿನಿಂದ ನಾನು ಕಲಿತದ್ದು.

ನಮ್ಮ ರಾಜಾ-ಕುಳ್ಳರ ನಡುವೆಯೇ ಮುನಿಸು ಬರಲಿಲ್ಲವೆ? ಒಂದು ಕಾಲಕ್ಕೆ ಬಿಟ್ಟಿರಲಾರದ ಜೋಡಿ, ಆಮೇಲೆ ದೂರವಾಯಿತು. ಆದರೆ 2004ರಲ್ಲಿ ಅದೇ ದ್ವಾರಕೀಶ್ ನಿರ್ಮಾಪಕ, ಅದೇ ವಿಷ್ಣು ನಾಯಕ, 'ಆಪ್ತಮಿತ್ರ' ಬಂತು, ಚಿತ್ರಮಂದಿರಗಳು ತುಂಬಿ ತುಳುಕಿದವು. ಹೆಸರೇ ನೋಡಿ, ಆಪ್ತಮಿತ್ರ!

ಈಗ ಮೇಷ್ಟ್ರು ಹೊಸ ನೋಟ್‌ಬುಕ್ಕು ಶುರು ಮಾಡಿದ್ದಾನೆ. ತಿಂಗಳಿಗೆ ತಲಾ ಐನೂರು, ಎಲ್ಲರದೂ ಸಮ, ತಪ್ಪಿದರೆ ಮುಂದಿನ ತಿಂಗಳು ಕೊಟ್ಟರೂ ಆಯಿತು. ಹತ್ತು ವರ್ಷ ಆಗಲಿ, ಹದಿನೈದಾಗಲಿ, ಅವಸರ ಇಲ್ಲ. 1986ರಲ್ಲಿ ದ್ವಾರಕೀಶ್ 'ಆಫ್ರಿಕಾದಲ್ಲಿ ಶೀಲಾ' ತೆಗೆದರಲ್ಲ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿರೋದು ಅದೇ: ಆಫ್ರಿಕಾ.

ಕೆಳಗೆ ಕುಳ್ಳ ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದಾನೆ. "ಮುದ್ರೆ ಒತ್ತುತ್ತಾರೋ ಇಲ್ವೋ, ಮೊದಲೇ ವಿಚಾರಿಸುವುದು!"